ತಿಥಿಯಾದವನಿಗೊಂದು ಕೋಣೆ

ಬನಹಟ್ಟಿ
೯ ನವೆಂಬರ್ ೨೦೨೪

ಅಲಕಾ ಅಕ್ಕಾವರಿಗೆ,

ನಾನು ಸುಭಾಷ್. ನೆನಪಿದೆಯೋ ಇಲ್ಲವೋ. ಜಮಖಂಡಿಯ ನಿಮ್ಮ ವಾಡೆಗೆ ಬನಹಟ್ಟಿಯಿಂದ ಗಣಿತದ ಟ್ಯೂಷನ್ನಿಗೆ ಬರುತ್ತಿದ್ದ ನೇಕಾರರ ಹುಡುಗ. ಅಂಗಿಗೆ ಯಾವಾಗಲೂ ನೂಲಿನ ಎಳೆ ಅಂಟಿಸಿಕೊಂಡು ಬರುತ್ತೇನೆಂದು ನೀವು ನಗುತ್ತಿದ್ದಿರಿ. ನಿಮ್ಮ ಫೋನ್ ನಂಬರು ಯಾರ ಹತ್ತಿರವೂ ಸಿಗಲಿಲ್ಲ. ಪುಣೆಯಲ್ಲಿ ನೀವು ಕಲಿಸುವ ಶಾಲೆಯ ವಿಳಾಸ ಮೊಬೈಲಿನಲ್ಲಿ ಸಿಕ್ಕಿತು. ಅದಕ್ಕೇ ಈ ರಜಿಸ್ಟರ್ ಪತ್ರ. ಕೂತುಕೊಂಡು ಓದಿರಿ, ನಿಂತು ಓದಬೇಡಿರಿ.

ರಘುವೀರ ಸರ್ ಸಿಕ್ಕಿದ್ದಾರೆ!

ಹೌದು ಅಕ್ಕಾ, ನಿಮ್ಮ ಅಣ್ಣ. ಜೀವಂತ. ಇವತ್ತು ಮುಂಜಾನೆ ನನ್ನೆದುರು ಕೂತು ಉಪ್ಪಿಟ್ಟು ತಿಂದರು.

ಹೇಗೆ ಅಂತ ಹೇಳುತ್ತೇನೆ. ನಮ್ಮೂರಲ್ಲಿ ನೇಕಾರ ಸೊಸೈಟಿಯ ಹಳೆಯ ನೂಲಿನ ಗೋದಾಮು ಬೀಗ ಬಿದ್ದು ಬಾವಲಿಗಳ ಪಾಲಾಗಿತ್ತು. ಸರ್ಕಾರ ಅನುದಾನ ಕೊಟ್ಟು ಅದನ್ನು ರಿಪೇರಿ ಮಾಡಿಸಿ, ಮನೆಮಠ ಇಲ್ಲದೆ ಬೀದಿಯಲ್ಲಿರುವ ದೊಡ್ಡವರಿಗಾಗಿ ಕೋಣೆಗಳನ್ನು ಕಟ್ಟಿಸಿದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೋಗುವ ಛತ್ರವಲ್ಲ. ಒಬ್ಬರಿಗೆ ಒಂದು ಕೋಣೆ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಒಳಗಿಂದ ಚಿಲಕ. ಎಷ್ಟು ವರ್ಷ ಬೇಕಾದರೂ ಇರಬಹುದು. ಗುಳಿಗೆ ಕೊಡಲು, ಮಾತಾಡಿಸಲು ನರ್ಸ್ ದಾನಮ್ಮ ಇದ್ದಾಳೆ. ಇದನ್ನು ನಡೆಸುವ ಸಂಸ್ಥೆಯಲ್ಲಿ ನಾನು ಮೇಲ್ವಿಚಾರಕ. ಬಸ್ ಸ್ಟ್ಯಾಂಡು, ಗುಡಿಕಟ್ಟೆ ಸುತ್ತಿ ಮಂದಿಯನ್ನು ಕರೆತರುವುದೂ ನನ್ನದೇ ಕೆಲಸ.

ಮುಧೋಳ ಬಸ್ ಸ್ಟ್ಯಾಂಡಿನಿಂದ ಒಬ್ಬರನ್ನು ಕರೆತಂದಿದ್ದೆವು. ಎದೆಮಟ್ಟ ಗಡ್ಡ, ಹತ್ತಿರ ಹೋದರೆ ವಾಕರಿಕೆ ಬರುವಷ್ಟು ವಾಸನೆ. ಕ್ಷೌರದವನು ಗಡ್ಡ ತೆಗೆಯುತ್ತಾ ಹೋದ ಹಾಗೆ ಒಳಗಿಂದ ರಘು ಸರ್ ಬಂದರು! "ಸರ್, ನಾ ಸುಭಾಷ್ರಿ, ಬನಹಟ್ಟಿ ಸುಭಾಷ್" ಎಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಯಾವ ಸುಭಾಷ್? ಭಾಗಾಕಾರ ಬರಲಾರದಾಂವಾ?" ಎಂದರು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ.

ಇನ್ನೊಂದು ಮಜಾ ಕೇಳಿರಿ. ಕೋಣೆ ಹೆಸರಿಗೆ ಮಾಡಲು ಗುರುತಿನ ಕಾಗದ ಬೇಕು. ಜಮಖಂಡಿಯಲ್ಲಿ ವಿಚಾರಿಸಿದರೆ ರಘುವೀರ ಎನ್ನುವವರು ತೀರಿಕೊಂಡಿದ್ದಾರೆ ಎಂದು ದಾಖಲೆಯಲ್ಲಿದೆಯಂತೆ! ಸರ್ಕಾರಿ ಕಾಗದ ಯಾರನ್ನು ಬೇಕಾದರೂ ಕೊಂದು ಹಾಕುತ್ತದೆ ನೋಡಿರಿ. ಈಗ ಕಾಗದದ ಚಿಂತೆ ಯಾಕೆ? ನೀವು ಬಂದು ಕರೆದುಕೊಂಡು ಹೋದರೆ ಕೋಣೆಯ ಗರಜೇ ಇಲ್ಲ. ನಿಮ್ಮ ತಾಯಿಗೆ, ನಮ್ಮೆಲ್ಲರ ಆಯಿಗೆ, ಈ ಸುದ್ದಿ ನೀವೇ ಹೇಳಬೇಕು. ಅವರ ಮುಖ ನೋಡುವ ಭಾಗ್ಯ ನನಗಿಲ್ಲ.

ಸಕ್ಕರೆ ಬಾಯಿಗೆ ಹಾಕಿಕೊಳ್ಳಿರಿ.

ನಿಮ್ಮ ಸುಭಾಷ್


ಪುಣೆ
೧೬ ನವೆಂಬರ್ ೨೦೨೪

ಸುಭಾಷ್,

ನಿನ್ನ ಪತ್ರ ಸ್ಟಾಫ್ ರೂಮಿನಲ್ಲಿ ಓದಿದೆ. ಮಗ್ಗುಲಲ್ಲಿದ್ದ ಟೀಚರು ನೀರು ಕುಡಿಸಿದರು. ಇದು ಚೇಷ್ಟೆಯಾಗಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸು.

ಕಾಗದ ತಪ್ಪಿಲ್ಲ. ದಾದಾ ಸತ್ತಿದ್ದಾನೆ. ನಾವೇ ಅವನನ್ನು ಸುಟ್ಟಿದ್ದೇವೆ.

ನಿನಗೆ ಗೊತ್ತಿರಲಿಕ್ಕಿಲ್ಲ. ಹನ್ನೆರಡು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತವನೆಂದು ತಿಳಿದು ಕ್ರಿಯೆ ಮಾಡಿ ಮುಗಿಸುವುದು ನಮ್ಮಲ್ಲಿ ಪದ್ಧತಿ. ಅವನು ಮನೆ ಬಿಟ್ಟದ್ದು ೨೦೧೦ರ ಸಂಕ್ರಾಂತಿಯ ಮರುದಿನ. ನಮ್ಮ ತಂದೆ, ಬಾಬಾ, ಹುಡುಕಿ ಹುಡುಕಿ ಹೈರಾಣಾಗಿ ಅದೇ ಕೊರಗಿನಲ್ಲಿ ಹೋದರು. ೨೦೨೨ರಲ್ಲಿ ಕೋರ್ಟಿನ ಆದೇಶ ಪಡೆದು, ಚಿಕ್ಕಪಡಸಲಗಿಯ ಹತ್ತಿರ ಹೊಳೆಯ ದಂಡೆಯಲ್ಲಿ ಕ್ರಿಯೆ ಮಾಡಿದೆವು. ಮುತ್ತಲದ ಎಲೆ, ದರ್ಭೆ ಸೇರಿಸಿ ಮನುಷ್ಯನ ಆಕಾರ ಕಟ್ಟುತ್ತಾರೆ. ತಲೆಯ ಜಾಗದಲ್ಲಿ ತೆಂಗಿನಕಾಯಿ. ಅದಕ್ಕೆ ಹೊಸ ಪಂಚೆ ಹೊದಿಸಿದ್ದು ನಾನು. ಬೆಂಕಿ ಇಟ್ಟದ್ದು ಬಾಬಾನ ತಮ್ಮ ಪ್ರಹ್ಲಾದ ಕಾಕಾ. ಕಾಯಿ ಸಿಡಿದ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಚೀರಿದ್ದೆ. ಈಗ ನೀನು ಅವನು ಉಪ್ಪಿಟ್ಟು ತಿಂದ ಅಂತೀಯಲ್ಲೋ!

ಅವನು ಬೇರೆ ಯಾರೋ ಇರಬೇಕು. ಭಾಗಾಕಾರದ ಮಾತನ್ನು ಯಾರಾದರೂ ಊಹಿಸಿ ಹೇಳಬಹುದು. ನಮ್ಮ ಮನೆಯವರಿಗೆ ಮಾತ್ರ ಗೊತ್ತಿರುವುದೊಂದನ್ನು ಅವನ ಬಾಯಿಂದ ಕೇಳಿ ಬರೆ.

ಮತ್ತೆ, ನನ್ನ ಫೋನ್ ನಂಬರು ಕೇಳಬೇಡ. ನಮ್ಮದು ಎರಡು ಕೋಣೆಯ ಮನೆ. ಆಯಿ ಇಡೀ ದಿನ ನನ್ನ ಬೆನ್ನ ಹಿಂದೆಯೇ ಇರುತ್ತಾಳೆ, ಫೋನಿನಲ್ಲಿ ಯಾರು, ಏನಂದರು ಎಂದು ಕೇಳುತ್ತಾಳೆ. ಶಾಲೆಯ ವಿಳಾಸಕ್ಕೇ ಬರೆ. ಆ ಕ್ರಿಯೆ ಆದ ಮೇಲೆಯೇ ಅವಳು ಹೊಟ್ಟೆ ತುಂಬ ಉಣ್ಣಲು ಶುರುಮಾಡಿದ್ದು. ಅದನ್ನು ಕೆಡಿಸುವ ಧೈರ್ಯ ನನಗಿಲ್ಲ.

ಅಲಕಾ


ಬನಹಟ್ಟಿ
೨೪ ನವೆಂಬರ್ ೨೦೨೪

ಅಲಕಾ ಅಕ್ಕಾವರಿಗೆ,

ಏನು ಬರೆದಿರಿ ಅಕ್ಕಾ ಅದು! ಓದಿ ಊಟ ಸೇರಲಿಲ್ಲ. ತೆಂಗಿನಕಾಯಿ ನೋಡಿದರೆ ಮೈ ಜುಮ್ಮೆನ್ನುತ್ತಿದೆ. ನಮ್ಮ ಅಡುಗೆಯ ಅನಸವ್ವ ಮಧ್ಯಾಹ್ನ ಕಾಯಿ ಒಡೆಯಲು ಕೂತಳು, "ಹೊರಗ ಹೋಗಿ ಒಡಿ ಬೇ" ಎಂದು ಬೈದುಬಿಟ್ಟೆ. ಪಾಪ, ಅವಳಿಗೇನು ಗೊತ್ತು.

ನೀವು ಸಿಟ್ಟಾದರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ. ಜೀವಂತ ಮನುಷ್ಯ ಮುಧೋಳ, ಜಮಖಂಡಿ, ಬೀಳಗಿ ಅಂತ ಇದೇ ಸುತ್ತಿನಲ್ಲಿ ತಿರುಗುತ್ತಿದ್ದ. ನೀವು ಪುಣೆಯಿಂದ ಬಂದು ಎಲೆಯ ಗೊಂಬೆ ಸುಟ್ಟು ಹೋದಿರಿ. ಒಮ್ಮೆಯಾದರೂ ಬೀಳಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಬಾರದಿತ್ತೇ?

ನೀವು ಕೇಳಿದ ಗುರುತು ಇಲ್ಲಿದೆ. ಹಳೆಯ ಮಾತು ತೆಗೆಯುತ್ತ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಸರ್ ನಕ್ಕು ಹೇಳಿದರು: "ಅಲಕಾನ ಹೊಸಾ ಚಪ್ಪಲಿ ವಾಡೇದ ಬಾವ್ಯಾಗ ಬಿದ್ದಿತ್ತು. ನಾ ಒಗದೆ ಅಂತ ಬಾಬಾಗ ಹೇಳಿ ಕಪಾಳಕ್ಕ ತಿಂದೆ. ಆಕಿ ಬಾಗಿಲ ಹಿಂದ ನಿಂತು ಅಳಲಿಕ್ಕತ್ತಿದ್ದಳು, ಖರೆ ಹೇಳಲಿಲ್ಲ ನೋಡು." ಇದು ಸಾಕೇ?

ಸರ್ ಈಗ ಚೆನ್ನಾಗಿದ್ದಾರೆ. ಮೊದಲು ಗೋಡೆಯ ಜೊತೆ ಮಾತಾಡುತ್ತಿದ್ದರು, ಕಿವಿಯಲ್ಲಿ ಯಾರೋ ಬೈಯುತ್ತಾರೆ ಎನ್ನುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ದಾನಮ್ಮ ಎದುರು ಕೂತು ನುಂಗಿಸುತ್ತಾಳೆ. ಈಗ ನಿದ್ದೆ ಮಾಡುತ್ತಾರೆ. ಆದರೆ ಕೋಣೆಯಲ್ಲಲ್ಲ, ಪಡಸಾಲೆಯಲ್ಲಿ. ಕೋಣೆ ಕೊಡಬೇಕೆಂದರೆ ಅವರು ಬದುಕಿರಬೇಕಲ್ಲ! ನಮ್ಮ ಸಾಹೇಬರು ಒಳ್ಳೆಯವರೇ, ಆದರೆ ನಿಯಮದ ಮನುಷ್ಯ. "ಸತ್ತಾಂವನ ಹೆಸರಿಗೆ ಕೋಲಿ ಹೆಂಗ ಬರೀಲೋ? ನಾಳೆ ತಪಾಸಣಿಗೆ ಬಂದಾವ್ರು ನನ್ನ ಜೈಲಿಗೆ ಕಳಸ್ತಾರ" ಎನ್ನುತ್ತಾರೆ. ತಪಾಸಣೆಯವರು ಫೆಬ್ರುವರಿಯಲ್ಲಿ ಬರುತ್ತಾರೆ. ಅಷ್ಟರೊಳಗೆ ರಕ್ತಸಂಬಂಧಿಕರು ಯಾರಾದರೂ ಬಂದು ಇವರು ಬದುಕಿದ್ದಾರೆಂದು ಹೇಳಿಕೆ ಕೊಡದಿದ್ದರೆ ಸರ್ ಮತ್ತೆ ಬೀದಿಗೆ. ಗುಳಿಗೆ ತಪ್ಪಿದರೆ ಮತ್ತೆ ಮೊದಲಿನ ಹಾಗೆ. ಇಷ್ಟೇ ವಿಷಯ.

ಬೇಗ ಬನ್ನಿರಿ.

ಸುಭಾಷ್


ಪುಣೆ
೫ ಡಿಸೆಂಬರ್ ೨೦೨೪

ಸುಭಾಷ್,

ಚಪ್ಪಲಿಯ ಸಾಲು ಓದಿ ಶಾಲೆಯ ಬಾತ್‌ರೂಮಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ಅವನೇ. ನನ್ನ ದಾದಾನೇ.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಬಾರದಿತ್ತೇ ಎಂದು ಕೇಳಿದೆಯಲ್ಲ. ಬಾಬಾ ಪಂಢರಪುರದಿಂದ ಶ್ರೀಶೈಲದವರೆಗೆ ಅವನ ಫೋಟೋ ಹಿಡಿದು ತಿರುಗಿದರು. ಮನೆಯ ಹತ್ತಿರವೇ ಇರುತ್ತಾನೆಂದು ಯಾರಿಗೆ ಹೊಳೆಯುತ್ತದೆ? ಇನ್ನೊಮ್ಮೆ ಹಾಗೆ ಬರೆಯಬೇಡ. ನನಗೆ ಸಂಕಟವಾಗುತ್ತದೆ.

ಪ್ರಹ್ಲಾದ ಕಾಕಾಗೆ ಶಾಲೆಯಿಂದಲೇ ಫೋನ್ ಮಾಡಿದೆ. ವಿಷಯವೆಲ್ಲ ಹೇಳಿದೆ. ಆಮೇಲೆ ಏನೆಂದರು ಗೊತ್ತೇ? "ಕ್ರಿಯಾ ಆದಾಂವಾ ತಿರುಗಿ ಬಂದರ ಅವಗ ಮತ್ತ ಜನ್ಮ ಕೊಡಬೇಕಾಗ್ತದ ಅಲಕಾ. ಜಾತಕರ್ಮ, ನಾಮಕರಣ, ಮುಂಜಿವಿ, ಎಲ್ಲಾ ಹೊಸದಾಗಿ. ಅಲ್ಲಿತನಕ ಮನಿಯೊಳಗ ತಗೊಳ್ಳಿಕ್ಕೆ ಬರೂದಿಲ್ಲ." ಐವತ್ತೈದು ವರ್ಷದವನನ್ನು ತೊಟ್ಟಿಲಿಗೆ ಹಾಕಬೇಕೇ ಎಂದು ಕೇಳಿದೆ. "ಚೇಷ್ಟಾ ಮಾಡಬ್ಯಾಡ, ಶಾಸ್ತ್ರ ಅದ" ಎಂದು ಫೋನ್ ಇಟ್ಟರು.

ಆಯಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಎಪ್ಪತ್ತೆಂಟು ವರ್ಷದ ಜೀವ. ಮಗ ಸತ್ತನೆಂದು ಒಮ್ಮೆ ಸಹಿಸಿದ್ದಾಳೆ. ಬದುಕಿದ್ದಾನೆಂದರೆ ಎದೆ ಒಡೆದುಕೊಂಡುಬಿಟ್ಟರೆ? ನಾನು ಮಾತ್ರ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಅವನು ಸರ್ಕಾರದ ಕೋಣೆಯಲ್ಲಿ ಯಾಕೆ ಇರಬೇಕು? ನಾನಿದ್ದೇನೆ. ಹಾಲ್‌ನಲ್ಲಿ ಒಂದು ಮಂಚ ಹಾಕಿದರಾಯಿತು. ಗಂಡನಿಗೆ ಹೇಳಿದೆ, ಹೂಂ ಎಂದರು. ನಮ್ಮ ಮನೀಷಾಗೆ ಹತ್ತು ವರ್ಷ, ಮಾಮಾ ಬರುತ್ತಾನೆಂದರೆ ಕುಣಿಯುತ್ತಾಳೆ.

ದಾದಾಗೆ ಹೇಳು, ಅಲಕಾ ಬರುತ್ತಾಳೆ ಅಂತ.

ಅಲಕಾ


ಬನಹಟ್ಟಿ
೧೭ ಡಿಸೆಂಬರ್ ೨೦೨೪

ಅಕ್ಕಾ,

ನಿಮ್ಮ ಪತ್ರ ಬಂದ ದಿನವೇ ಸರ್‌ಗೆ ಹೇಳಿಬಿಟ್ಟೆ. ಅದಕ್ಕೂ ಮೊದಲು ಒಂದು ಮಾತು ನಿಮಗೆ ತಿಳಿಸಿರಲಿಲ್ಲ. ಮನೆಯವರಿಗೆ ಸುದ್ದಿ ಕೊಡಬೇಡ ಎಂದು ಸರ್ ಮೊದಲ ದಿನವೇ ನನ್ನ ಕೈ ಹಿಡಿದು ಹೇಳಿದ್ದರು. ನಾಚಿಕೆಗೆ ಹಾಗೆ ಹೇಳುತ್ತಾರೆಂದು ನಾನು ತಿಳಿದೆ. ತಂಗಿ ಬರುತ್ತಾಳೆಂದರೆ ಖುಷಿಯಾಗುತ್ತದೆ ಎಂದುಕೊಂಡೆ. "ಸರ್, ಅಲಕಾ ಅಕ್ಕಾರು ಬರಾಕತ್ತಾರ್ರಿ, ನಿಮ್ಮನ್ನ ಪುಣೇಕ ಕರಕೊಂಡ ಹೋಗ್ತಾರಂತ್ರಿ" ಎಂದೆ. ಸರ್ ಹಾಸಿಗೆಯಿಂದ ಎದ್ದು ಕೂತರು. "ಆಯಿ ಅಲ್ಲೇ ಇದ್ದಾಳೇನು?" ಎಂದು ಕೇಳಿದರು. ಹೌದು ಎಂದೆ. ಮರುದಿನ ಮುಂಜಾನೆ ಪಡಸಾಲೆಯಲ್ಲಿ ಹಾಸಿಗೆ ಖಾಲಿ.

ಹುಡುಕದ ಜಾಗವಿಲ್ಲ. ರಬಕವಿ, ಮುಧೋಳ, ಜಮಖಂಡಿ ಕೋರ್ಟಿನ ಕಟ್ಟೆ, ಎಲ್ಲ ಕಡೆ ಮೋಟರ್‌ಸೈಕಲ್ ಓಡಿಸಿದೆ. ಕೊನೆಗೆ ಚಿಕ್ಕಪಡಸಲಗಿಯಲ್ಲಿ ಸಿಕ್ಕರು. ಬ್ಯಾರೇಜಿನ ಕೆಳಗೆ, ಹೊಳೆಯ ದಂಡೆಯಲ್ಲಿ, ನೀರು ನೋಡುತ್ತ ಕೂತಿದ್ದರು. ಮಗ್ಗುಲಲ್ಲಿ ಕೂತು, ಪುಣೆಗೆ ಕಳಿಸುವುದಿಲ್ಲ, ಎದ್ದು ಬನ್ನಿ ಎಂದು ಕೈಮುಗಿದೆ.

ಆಗ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯುತ್ತೇನೆ.

"ನನ್ನ ತಿಥಿ ಊಟಾ ನಾನs ಉಂಡೀನೋ ಸುಭಾಷ್. ಇಲ್ಲೇ. ಹೊಳಿ ದಂಡ್ಯಾಗ ಯಾರದರೆ ದಿನಕರ್ಮ ಇದ್ದರ ನಮ್ಮಂಥಾವ್ರಿಗೆ ಊಟಾ ಸಿಗ್ತದ. ಆವತ್ತೂ ಹಂಗs ಬಂದು ಪಂಕ್ತ್ಯಾಗ ಕೂತೆ. ಪ್ರಹ್ಲಾದ ಕಾಕಾ ಬಂದು, ರಘುವೀರನ ಆತ್ಮಕ್ಕ ಶಾಂತಿ ಸಿಗಲಿ ಅಂತ ಎಲ್ಲಾರೂ ಒಮ್ಮೆ ಅನ್ರಿ, ಅಂದರು. ಎಲ್ಲಾರೂ ಅಂದರು. ನಾನೂ ಅಂದೆ."

ಹರಳೊಂದನ್ನು ನೀರಿಗೆ ಒಗೆದು ಮತ್ತೆ ಹೇಳಿದರು.

"ಆಮ್ಯಾಲೆ ಆಯಿ ಹೋಳಿಗಿ ಬಡಸಲಿಕ್ಕೆ ಬಂದಳು. ನನ್ನ ಎಲಿ ಮುಂದ ನಿಂತಳು. ಗಡ್ಡಾ ಇತ್ತು, ಖರೆ. ಆದರ ಆಯಿ ಅಲ್ಲೇನು? ನನ್ನ ಕಣ್ಣು ನೋಡಿದಳು. ನಾನೂ ನೋಡಿದೆ. ಒಂದು ಹೋಳಿಗಿ ಹಾಕಿದಳು. ಇನ್ನೊಂದು ಹಾಕಿದಳು. ತುಪ್ಪಾ ಸುರುವಿದಳು. ಮುಂದಿನ ಎಲಿಗೆ ಹೋದಳು."

ಗುರುತು ಹಿಡಿಯಲಿಲ್ಲವೇನೋ ಸರ್ ಎಂದೆ. "ಹಿಡದಳು" ಎಂದರು. ಅಷ್ಟೇ. ಎದ್ದು ಬಂದು ನನ್ನ ಮೋಟರ್‌ಸೈಕಲ್ ಹತ್ತಿದರು.

ಆಯಿಗೆ ಗೊತ್ತಿತ್ತು ಅಕ್ಕಾ! ಮಗ ಎದುರಿಗೆ ಕೂತು ತನ್ನ ತಿಥಿಯ ಊಟ ಉಣ್ಣುತ್ತಿದ್ದ, ತಾಯಿ ಬಡಿಸಿ ಮುಂದೆ ಹೋದರು. ಇದನ್ನು ಹೇಗೆ ನಂಬಲಿ? ನನಗೆ ಚುರುಮುರಿಗೆ ಎಣ್ಣೆ ಹಚ್ಚಿ ಕೊಡುತ್ತಿದ್ದ ಆಯಿ ಇವರೇನಾ?

ಇನ್ನೊಂದು ತೊಡಕು. ಸರ್ ಇಲ್ಲೇ ಇರುತ್ತೇನೆ ಎನ್ನುತ್ತಾರೆ. ಆದರೆ ಸಾಹೇಬರು, ರಕ್ತಸಂಬಂಧಿಕರು ಬಂದು ಇವರು ಬದುಕಿದ್ದಾರೆಂದು ಹೇಳಿದ ಕೂಡಲೇ ಇವರಿಗೆ ಮನೆಯವರಿದ್ದಾರೆಂದಾಯಿತು, ಮನೆಯವರಿದ್ದವರನ್ನು ಮನೆಗೇ ಕಳಿಸಬೇಕು, ಕೋಣೆ ಕೊಡಲು ಬರುವುದಿಲ್ಲ ಎನ್ನುತ್ತಾರೆ. ಹೇಳಿಕೆ ಕೊಡದಿದ್ದರೆ ಸತ್ತವರು, ಕೊಟ್ಟರೆ ಮನೆಯಿದ್ದವರು. ಎರಡೂ ಕಡೆಯಿಂದ ಕೋಣೆ ಇಲ್ಲ. ನನಗೆ ತಲೆ ಕೆಟ್ಟುಹೋಗಿದೆ.

ಸುಭಾಷ್


ಪುಣೆ
೪ ಜನವರಿ ೨೦೨೫

ಸುಭಾಷ್,

ಉತ್ತರ ತಡವಾಯಿತು. ಪೆನ್ನು ಹಿಡಿಯಲು ಮನಸ್ಸೇ ಬರುತ್ತಿರಲಿಲ್ಲ.

ಆಯಿಯನ್ನು ಕೇಳಿದೆ. ಅವಳು ಮೆಂತ್ಯೆ ಸೋಸುತ್ತ ಕೂತಿದ್ದಳು. ದಾದಾ ಬದುಕಿದ್ದಾನೆ, ಬನಹಟ್ಟಿಯಲ್ಲಿ ಸುಭಾಷನ ಹತ್ತಿರ ಇದ್ದಾನೆ, ಕೋಣೆ ಕೊಡಲು ಅಲ್ಲಿಯ ಸಾಹೇಬರು ತಕರಾರು ಮಾಡುತ್ತಿದ್ದಾರೆ ಎಂದೆ. ಎದೆ ಹಿಡಿದುಕೊಂಡು ಬೀಳುತ್ತಾಳೆಂದು ನಾನು ಹತ್ತಿರವೇ ನಿಂತಿದ್ದೆ. ಅವಳು ಕೈ ನಿಲ್ಲಿಸಲಿಲ್ಲ ಸುಭಾಷ್. "ಜಡ್ಡಿಗೆ ಗುಳಿಗಿ ತಗೋಳಿಕ್ಕತ್ತಾನೇನು?" ಎಂದು ಕೇಳಿದಳು. ಅಷ್ಟೇ! ಹದಿನೈದು ವರ್ಷದ ಮೇಲೆ ಮಗ ಸಿಕ್ಕಿದ್ದಾನೆ, ತಾಯಿ ಗುಳಿಗೆಯ ಮಾತು ಕೇಳುತ್ತಾಳೆ.

ಹೊಳೆಯ ದಂಡೆಯ ವಿಷಯ ಎತ್ತಿದೆ. "ಹೌದು, ಹಾಕಿದೆ. ಎರಡು ಹೋಳಿಗಿ ಹಾಕಿದೆ. ಅವಗ ಮೊದಲಿಂದ ಎರಡು ಬೇಕು" ಎಂದಳು. ಗುರುತು ಹಿಡಿದೂ ಸುಮ್ಮನೆ ಬಂದೆಯಾ, ನನಗೂ ಹೇಳಲಿಲ್ಲವೇ ಎಂದು ಚೀರಿದೆ. ಪಕ್ಕದ ಮನೆಯವರು ಬಾಗಿಲು ತೆರೆದರು. ಆಯಿ ಎದ್ದು ಅಡುಗೆಮನೆಗೆ ಹೋಗಿ ಸೊಪ್ಪು ತೊಳೆಯಲು ಶುರುಮಾಡಿದಳು.

ನನ್ನ ಹೆತ್ತವಳು ಇಷ್ಟು ಕಟುಕಳೆಂದು ನನಗೆ ಗೊತ್ತಿರಲಿಲ್ಲ. ನನಗೆ ಅನ್ನಿಸುವುದು ಇಷ್ಟೇ. ಇಡೀ ಊರು, ಭಟ್ಟರು, ಬೀಗರೆಲ್ಲ ನೋಡುತ್ತಿರುವಾಗ, ಸುಟ್ಟ ಮಗ ಭಿಕ್ಷುಕರ ಪಂಕ್ತಿಯಲ್ಲಿ ಸಿಕ್ಕನೆಂದರೆ ಮರ್ಯಾದೆ ಹೋಗುತ್ತದಲ್ಲ! ಅದಕ್ಕೇ ಸುಮ್ಮನಾದಳು. ಮಂಚ ತಂದಿದ್ದೇನೆ ಎಂದರೆ, "ನಾ ಇರೂತನಕ ಅಂವಾ ಈ ಮನಿಗೆ ಬರೂದಿಲ್ಲ" ಎನ್ನುತ್ತಾಳೆ. ಮಡಿ ಹಾಳಾಗುತ್ತದೆಂದೋ, ಕ್ರಿಯೆ ಆದವನ ಮುಖ ನೋಡಬಾರದೆಂದೋ, ಯಾವ ದೇವರಿಗೆ ಗೊತ್ತು. ಮಾತು ಬಿಟ್ಟಿದ್ದೇನೆ. ಒಂದೇ ಮನೆಯಲ್ಲಿ ಇಬ್ಬರೂ ಗೋಡೆಗಳ ಹಾಗೆ ಇದ್ದೇವೆ.

ಇದರ ನಡುವೆ ಅವಳಿಗೆ ಪ್ರಹ್ಲಾದ ಕಾಕಾನ ಮೊಮ್ಮಗನ ಮುಂಜಿವೆಗೆ ಜಮಖಂಡಿಗೆ ಹೋಗಬೇಕಂತೆ! ಸ್ವಂತ ಮಗ ಪಡಸಾಲೆಯಲ್ಲಿ ಬಿದ್ದಿರಲಿ, ಮಂದಿಯ ಮಕ್ಕಳ ಮುಂಜಿವೆ ತಪ್ಪಬಾರದು. ಹೋಗು ಎಂದೆ. ತಿಂಗಳ ಕೊನೆಗೆ ಕಾಕಾನ ಮಗ ಬಂದು ಕರೆದೊಯ್ಯುತ್ತಾನೆ.

ಫೆಬ್ರುವರಿ ಎರಡನೆಯ ವಾರ ನಾನು ಬಂದು ದಾದಾನನ್ನು ಕರೆದುಕೊಂಡು ಬರುತ್ತೇನೆ. ಯಾರು ಏನಾದರೂ ಅನ್ನಲಿ. ಅವನು ನನ್ನ ಮನೆಯಲ್ಲಿರುತ್ತಾನೆ. ಆಯಿಗೆ ಬೇಡವಾದರೆ ಆಯಿ ಕಾಕಾನ ಮನೆಯಲ್ಲಿರಲಿ.

ಅಲಕಾ


ಬನಹಟ್ಟಿ
೩೧ ಜನವರಿ ೨೦೨೫

ಅಕ್ಕಾ,

ನೀವು ಬರುವ ಮೊದಲು ಈ ಪತ್ರ ನಿಮ್ಮ ಕೈ ಸೇರಲೆಂದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಬರೆಯಲು ಹೇಳಿದವರು ಆಯಿ. "ನನ್ನ ಬಾಯಿಲೆ ಆಕಿಗೆ ಹೇಳಲಿಕ್ಕೆ ಆಗೂದಿಲ್ಲ, ನೀ ಬರಿ. ಒಂದೂ ಬಿಡಬ್ಯಾಡ" ಎಂದರು. ಅದಕ್ಕೆ ಬಿಡದೆ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಆಟೋ ಬಂದು ನಮ್ಮ ಅಂಗಳದಲ್ಲಿ ನಿಂತಿತು. ಒಳಗಿಂದ ಆಯಿ ಇಳಿದರು. ಒಬ್ಬರೇ. ಮುಂಜಿವೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಹೇಳದೆ ಬಂದಿದ್ದಾರೆ. ಉಟ್ಟ ಪೈಠಣಿ ಸೀರೆಯಲ್ಲೇ. ನಾನು ಕಾಲಿಗೆ ಬೀಳುವಷ್ಟರಲ್ಲಿ, "ನಿಮ್ಮ ಸಾಹೇಬ ಎಲ್ಲೆ ಇದ್ದಾನ?" ಎಂದು ಕೇಳಿದರು. ಮೊದಲು ಮಗನನ್ನು ನೋಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಮೊದಲು ಸಾಹೇಬರು.

ಕಚೇರಿಯಲ್ಲಿ ಜನ ತುಂಬಿದ್ದರು. ಕೋಣೆಗೆ ಹೆಸರು ಕೊಡಲು ಬಂದವರು, ಗುತ್ತಿಗೆದಾರನ ಮಂದಿ, ಚಹಾ ತಂದವನು. ಸಾಹೇಬರು ಸರ್‌ನ್ನೂ ಕರೆಸಿದರು. ಸರ್ ಬಂದು ಬಾಗಿಲ ಹತ್ತಿರವೇ ಗೋಡೆಗೆ ಅಂಟಿ ನಿಂತರು, ತಲೆ ಎತ್ತಲಿಲ್ಲ.

ಸಾಹೇಬರು ಕೇಳಿದರು: "ಇಂವಾ ನಿಮ್ಮ ಮಗ ಏನ್ರಿ?"

"ನನ್ನ ಮಗ. ರಘುವೀರ. ಸತ್ತಾನಂತ ಬರಸೇವಿ, ಸತ್ತಿಲ್ಲ. ಬರಕೋರಿ."

"ಹಂಗಾದ್ರ ಚಿಂತಿ ಇಲ್ಲ ಬಿಡ್ರಿ. ಮನಿಗೆ ಕರಕೊಂಡ ಹೋಗ್ರಿ. ತಾಯಿ ಇದ್ದಾಂವಗ ಸರ್ಕಾರ ಯಾಕ ಕೋಲಿ ಕೊಡಬೇಕು? ಯಾರೂ ಇಲ್ಲದವರ ಸಲುವಾಗಿ ಇದನ್ನ ಕಟ್ಟೇತಿ."

ಆಯಿ ಕುರ್ಚಿಯಿಂದ ಎದ್ದರು. ಎಡಗೈಯ ಬಳೆ ಮೇಲೆ ಸರಿಸಿ, ಆ ಕೈಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟರು. ಮಣಿಕಟ್ಟಿನ ಹತ್ತಿರ ಎಲುಬು ಸೊಟ್ಟಗೆ ಕೂಡಿದೆ ಅಕ್ಕಾ. ನೀವು ನೋಡಿಯೇ ಇರುತ್ತೀರಿ.

"ಇದನ್ನ ಮುರದಾಂವಾ ಇಂವನs" ಎಂದರು.

ಚಹಾದವನು ಕೆಟಲ್ ಹಿಡಿದುಕೊಂಡೇ ನಿಂತ.

"ಸಂಕ್ರಮಣದ ದಿನಾ ಎಳ್ಳು ಬೆಲ್ಲಾ ಕೊಡಲಿಕ್ಕೆ ಹೋಗಿದ್ದೆ. ಕಿವ್ಯಾಗ ಯಾರೋ ಹೇಳಿದರಂತ, ನಾ ವಿಷಾ ಹಾಕೇನಂತ. ಬಡಿಗಿ ತಗೊಂಡ. ಅದಕ್ಕೂ ಮೊದಲ ಎಷ್ಟು ಸಲ ಹೊಡದಾನ, ನಾ ಎಣಿಸಿಲ್ಲ. ಇವರ ಅಪ್ಪಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಬಚ್ಚಲದಾಗ ಜಾರಿ ಬಿದ್ದೆ ಅಂದೆ. ನಮ್ಮ ಕಡೆ ಇದನ್ನ ಯಾರು ಹೇಳ್ತಾರ್ರಿ? ಮರುದಿನ ಪ್ಲಾಸ್ಟರ್ ನೋಡಿದ, ಇವಗ ತಿಳೀತು. ಹೋಗಿಬಿಟ್ಟ. ನನ್ನ ಸಲುವಾಗಿನs ಹೋದ."

ಸರ್ ಅಲ್ಲೇ ಗೋಡೆಗುಂಟ ಜಾರಿ ನೆಲಕ್ಕೆ ಕೂತುಬಿಟ್ಟರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಯಿ ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮಾತು ನಿಲ್ಲುತ್ತಿತ್ತೇನೋ.

"ಹೊಳಿ ದಂಡ್ಯಾಗ ನೋಡಿದೆ. ರಘು ಅಂತ ಕರದಿದ್ದರ ಓಡಿ ಬರ್ತಿದ್ದ. ಬಂದಿದ್ದರ ಮಗಳ ಮನಿಗೇ ಒಯ್ಯಬೇಕಿತ್ತು. ಆಕಿ ಮಗಳು ಸಣ್ಣಾಕಿ. ನಾಳೆ ಆ ಹುಡುಗಿ ಕೈ ಮುರದರ? ಎಲ್ಲೆ ಇಡಲ್ರಿ ನಾ ಇವನ್ನ? ಆವತ್ತು ನಿಮ್ಮ ಈ ಕೋಲಿ ಇದ್ದಿಲ್ಲ. ಇದ್ದಿದ್ದರ ನಾ ಅಲ್ಲೇ ಕರೀತಿದ್ದೆ." ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳಿದರು: "ಅಂವಾ ಹೊಡದದ್ದಲ್ಲ, ಅವನ ಜಡ್ಡು ಹೊಡದದ್ದು, ನನಗ ಗೊತ್ತದ. ಆದರ ಮುರದದ್ದು ನನ್ನ ಕೈ. ಇಂವಾ ನನ್ನ ಮಗ. ನನ್ನ ಮನ್ಯಾಗ ಇವಗ ಜಾಗಾ ಇಲ್ಲ. ನೀವು ಕೊಡ್ರಿ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಯಮದ ಪುಸ್ತಕ ತಿರುವಿ ನೋಡಿ, ಮನೆಯವರಿದ್ದೂ ಅವರ ಜೊತೆ ಇರಲಾಗದವರಿಗೂ ಕೋಣೆ ಕೊಡಬಹುದೆಂದು ನಿಯಮದಲ್ಲಿಯೇ ಇದೆ, ಆದರೆ ಹಾಗೆ ಬಂದು ಹೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲ ಎಂದರು. "ತಾಯಿ, ಇದನ್ನೆಲ್ಲಾ ಹೇಳಿಕ್ಯಾಗ ಬರೀಬೇಕಾಗ್ತೇತ್ರಿ. ಮಂದಿ ಓದ್ತಾರ" ಎಂದು ಮೆತ್ತಗೆ ಹೇಳಿದರು.

"ಓದ್ಲಿ" ಎಂದರು ಆಯಿ. ಓದಿಸಿಕೊಂಡು, ಎರಡು ಕಡೆ ತಿದ್ದಿಸಿ, ಸಹಿ ಮಾಡಿದರು. ವರದಾಬಾಯಿ ಎಂದು ದೊಡ್ಡ ಅಕ್ಷರದಲ್ಲಿ.

ಸರ್‌ಗೆ ಹಿತ್ತಲ ಕಡೆಯ ಕೋಣೆ ಸಿಕ್ಕಿತು. ಆಯಿ ಅದರ ಹೊಸ್ತಿಲ ಹೊರಗೇ ನಿಂತು ಒಳಗೆಲ್ಲ ನೋಡಿದರು. ಕಿಟಕಿ ಇದೆಯೇ, ಫ್ಯಾನ್ ತಿರುಗುತ್ತದೆಯೇ ಎಂದು ಕೇಳಿದರು. ಗುಳಿಗೆ ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ದಾನಮ್ಮನಿಂದ ತಿಳಿದುಕೊಂಡರು. ತಾಯಿ ಮಗ ಮಾತಾಡಲಿಲ್ಲ. ಆಟೋ ಹತ್ತುವಾಗ ಮಾತ್ರ ಸರ್ ಹಿಂದೆ ಹಿಂದೆ ಬಂದು, ದೂರದಿಂದಲೇ "ಆಯೀ" ಎಂದರು. ಆಯಿ ತಿರುಗಿ, "ಉಗಾದಿಗೆ ಬರ್ತೀನಿ. ಗುಳಿಗಿ ತಪ್ಪಸಬ್ಯಾಡ" ಎಂದರು.

ನಾನು ನಿಮ್ಮ ಮೇಲೆ, ಆಯಿ ಮೇಲೆ ಏನೇನೋ ಬರೆದೆ. ಕ್ಷಮೆ ಕೇಳಲು ಕೂಡ ನಾಚಿಕೆಯಾಗುತ್ತಿದೆ.

ಸುಭಾಷ್


ಪುಣೆ
೬ ಫೆಬ್ರುವರಿ ೨೦೨೫

ಸುಭಾಷ್,

ಪತ್ರ ಬಂತು. ತರಗತಿ ಬಿಟ್ಟು ಮನೆಗೆ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಓದಿಕೋ.

ಆ ಸಂಕ್ರಾಂತಿಗೆ ನಾನು ಗಂಡನ ಮನೆಯಲ್ಲಿದ್ದೆ. ಸುದ್ದಿ ಕೇಳಿ ಓಡಿ ಬಂದೆ. ಆಯಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. "ಕಣ್ಣು ಎಲ್ಲಿ ಇಟ್ಟುಕೊಂಡಿದ್ದಿ? ದಾದಾ ಮನೆ ಬಿಟ್ಟು ಹೋಗುವಾಗ ತಡೆಯಲಿಕ್ಕೂ ಆಗಲಿಲ್ಲ, ನೆಟ್ಟಗೆ ನಡೆಯಲಿಕ್ಕೂ ಆಗಲಿಲ್ಲ" ಎಂದು ಬೈದೆ. ನುಣುಪು ಕಲ್ಲಿನಿಂದಲೇ ಜಾರಿದಳೆಂದು ಗೌಂಡಿಯನ್ನು ಕರೆಸಿ ಬಚ್ಚಲ ಫರಸಿ ಕೀಳಿಸಿ, ಒರಟು ಕಲ್ಲು ಹಾಕಿಸಿದೆ. ಅವಳು ಕಟ್ಟೆಯ ಮೇಲೆ ಕೂತು, ಮುರಿದ ಕೈ ಮಡಿಲಲ್ಲಿಟ್ಟುಕೊಂಡು, ಇಡೀ ದಿನ ಅವರು ಕಲ್ಲು ಹಾಕುವುದನ್ನು ನೋಡಿದಳು. ಸಂಜೆ ಗೌಂಡಿಗೆ ಚಹಾ ಮಾಡಿಕೊಟ್ಟಳು, ಒಂದೇ ಕೈಯಲ್ಲಿ. "ಛಲೋ ಮಾಡಿಸಿದಿ, ಇನ್ನ ಜಾರೂದಿಲ್ಲ" ಎಂದಳು ನನಗೆ.

ಮಂಚವನ್ನು ಅಂಗಡಿಯವನಿಗೆ ವಾಪಸು ಕೊಡುತ್ತೇನೆ. ದಾದಾಗೆ ಅವನ ಕೋಣೆ ಇರಲಿ. ನಾನು ಅಲ್ಲಿಗೇ ಬಂದು ನೋಡುತ್ತೇನೆ.

ಕಾಕಾನ ಮಗ ಆಯಿಯನ್ನು ಇವತ್ತಿನ ಬಸ್ಸಿಗೆ ಹತ್ತಿಸಿದ್ದಾನೆ. ಕರೆತರಲು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅವಳು ಬಸ್ಸಿನಿಂದ ಇಳಿಯುವಾಗ ಯಾವ ಕೈ ಹಿಡಿಯಲಿ ಸುಭಾಷ್?

ಅಲಕಾ